ಗೂನೋನ ಪೆನ್ಸಿಲ್ ಚಿತ್ರ: ಎರಡು ಮುದ್ರಣ, ಒಂದು ಚೌಕಟ್ಟು

ನಮ್ಮ ಮನೆಯ ಚಾವಡಿಯ ಬಡಗಣ ಗೋಡೆಯಲ್ಲಿ, ಅಜ್ಜ ಅಜ್ಜಿಯರ ಫೋಟೋಗಳಿಂದ ಮೂರು ಮೊಳ ದೂರದಲ್ಲಿ, ಕಳೆದ ವರ್ಷದ ಸೋಣ ತಿಂಗಳಿನಿಂದ ಒಬ್ಬ ಪರದೇಶಿ ಹುಡುಗ ಪಿಯಾನೋದ ಮುಂದೆ ಕುಳಿತಿದ್ದಾನೆ. ಮನೆಗೆ ಬಂದವರು ಮೊದಲು ಕೇಳುವುದು ಇವನು ಯಾರೆಂದು, ಆಮೇಲೆ ಕೇಳುವುದು ಇದಕ್ಕೆ ಎಷ್ಟಾಯಿತೆಂದು. ಎರಡಕ್ಕೂ ನಿಂತಲ್ಲೇ ಉತ್ತರ ಕೊಟ್ಟು ಸಾಕಾಗಿ, ಕಾಸರಗೋಡಿನಂಥ ಊರಿನಲ್ಲಿ ಕುಳಿತು ಹತ್ತೊಂಬತ್ತನೇ ಶತಮಾನದ ಪೆನ್ಸಿಲ್ ಭಾವಚಿತ್ರವೊಂದರ ಒಳ್ಳೆಯ ಪ್ರತಿಯನ್ನು ಮಾಡಿಸಿಕೊಳ್ಳಲು ಆಗುತ್ತದೆಯೇ, ಮಾಡಿಸಿಕೊಂಡರೆ ಮೂಲದಲ್ಲಿರುವ ಆ ಸದ್ದಿಲ್ಲದ ಭಾವ ನಮ್ಮ ಗೋಡೆಯವರೆಗೆ ಬರುತ್ತದೆಯೇ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ವಿಮರ್ಶೆಗೆ ಒಳಗಾಗಿರುವುದು ಎರಡು ಮುದ್ರಣಗಳು ಮತ್ತು ಒಂದು ಕಟ್ಟು. ಅಂಗಡಿಗಳ ಹೆಸರು ಹೇಳುವುದಿಲ್ಲ. ಒಂದು ಕಡೆ ಕೆಲಸ ಕೆಟ್ಟಿತೆಂದು ಬರೆಯಬೇಕಾಗಿದೆ. ಕೆಟ್ಟದ್ದರಲ್ಲಿ ನನ್ನ ಪಾಲೂ ಇದೆ.

ಮೊದಲು ಚಿತ್ರದ ವಿಷಯ. ಬರೆದವರು ಫ್ರಾನ್ಸಿನ ಜಾಂ ಓಗುಸ್ತ್ ದೊಮಿನಿಕ್ ಆಂಗ್ರ್ (1780–1867). ಕುಳಿತವನು ಶಾರ್ಲ್ ಗೂನೋ, ಮುಂದೆ 1859ರಲ್ಲಿ ‘ಫೌಸ್ಟ್’ ಎಂಬ ಒಪೆರಾ ಬರೆದು ಹೆಸರಾದ ಸಂಗೀತಗಾರ. ನಮ್ಮ ಕಡೆಯವರಿಗೆ ಅವನ ಪರಿಚಯ ಇನ್ನೊಂದು ದಾರಿಯಿಂದ ಆಗಿರುವ ಸಾಧ್ಯತೆಯೇ ಹೆಚ್ಚು: ಬಾಖ್‌ನ ಪಿಯಾನೋ ತುಣುಕೊಂದರ ಮೇಲೆ ಅವನು ಹೊಂದಿಸಿದ ‘ಆವೆ ಮರಿಯಾ’ವನ್ನು ಇಗರ್ಜಿಗಳಲ್ಲಿ ಹಾಡುತ್ತಾರೆ. ಬೇಳದ ಇಗರ್ಜಿಯಲ್ಲಿ ಹಾಡುವ ನನ್ನ ಸಹೋದ್ಯೋಗಿಯೊಬ್ಬರು ಚಿತ್ರವನ್ನು ನೋಡಿ, ಹೆಸರು ಕೇಳಿದೊಡನೆ ಅದರ ಮೊದಲ ಸಾಲನ್ನು ಗುನುಗಿದರು. ಚಿತ್ರದ ಕಾಲ 1841, ಊರು ರೋಮ್. ಆಂಗ್ರ್ ಆಗ ಅಲ್ಲಿನ ಫ್ರೆಂಚ್ ಅಕಾಡೆಮಿಯ ನಿರ್ದೇಶಕರಾಗಿದ್ದು, ಆರು ವರ್ಷದ ಅವಧಿ ಮುಗಿಸಿ ಪ್ಯಾರಿಸಿಗೆ ಹೊರಡುವ ಹೊತ್ತು; ವಯಸ್ಸು ಅರುವತ್ತು ತುಂಬಿತ್ತು. ಗೂನೋ 1839ರಲ್ಲಿ ಫ್ರಾನ್ಸಿನ ‘ಪ್ರಿ ದ ರೋಮ್’ ಬಹುಮಾನ ಗೆದ್ದು ಅದೇ ಅಕಾಡೆಮಿಗೆ ಬಂದಿದ್ದ ಇಪ್ಪತ್ತೆರಡರ ಆಸುಪಾಸಿನ ವಿದ್ಯಾರ್ಥಿ. ಆಂಗ್ರ್ ಅವರಿಗೆ ಪಿಟೀಲಿನ ಹುಚ್ಚು ಎಷ್ಟಿತ್ತೆಂದರೆ, ಒಬ್ಬನು ತನ್ನ ಕಸುಬಿನ ಆಚೆಗೆ ಪ್ರೀತಿಯಿಂದ ಇಟ್ಟುಕೊಂಡ ಹವ್ಯಾಸಕ್ಕೆ ಫ್ರೆಂಚರು ಇಂದಿಗೂ ‘ಆಂಗ್ರ್‌ನ ಪಿಟೀಲು’ ಎನ್ನುತ್ತಾರೆ. ಮುದುಕ ಚಿತ್ರಕಾರನನ್ನೂ ಎಳೆಯ ಸಂಗೀತಗಾರನನ್ನೂ ಹತ್ತಿರಕ್ಕೆ ತಂದದ್ದು ಮೊಜಾರ್ಟ್‌ನ ಮೇಲಿನ ಪ್ರೀತಿ. ಮೂಲ ಈಗ ಅಮೆರಿಕದ ಶಿಕಾಗೋ ನಗರದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಆ ಸಂಸ್ಥೆ 2018ರಲ್ಲಿ ತನ್ನಲ್ಲಿರುವ ಹಕ್ಕು ಮುಗಿದ ಕೃತಿಗಳ ಸಾವಿರಾರು ಚಿತ್ರಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಏನು ಬೇಕಾದರೂ ಮಾಡಿಕೊಳ್ಳಬಹುದೆಂದು ತೆರೆದಿಟ್ಟಿತು. ನನ್ನ ಈ ಸಾಹಸಕ್ಕೆ ದಾರಿಯಾದದ್ದು ಅದೇ.

ಚಿತ್ರದಲ್ಲಿ ನಡೆಯುತ್ತಿರುವುದು ಏನೂ ಇಲ್ಲ. ಹುಡುಗ ಪಿಯಾನೋದ ಮುಂದೆ ಕುಳಿತು ಮುಖವನ್ನು ನಮ್ಮ ಕಡೆಗೆ ತಿರುಗಿಸಿದ್ದಾನೆ. ಕೈ ಕೀಗಳ ಮೇಲಿದೆ. ಸ್ಟ್ಯಾಂಡಿನ ಮೇಲೆ ತೆರೆದಿಟ್ಟಿರುವುದು ಮೊಜಾರ್ಟ್‌ನ ‘ಡಾನ್ ಜೊವಾನಿ’ ಒಪೆರಾದ ಸ್ವರಲಿಪಿ. ಅವನು ನುಡಿಸಲು ಹೊರಟವನೋ, ನುಡಿಸುತ್ತ ನಿಲ್ಲಿಸಿದವನೋ ಎಂದು ಹೇಳಲು ಬರುವುದಿಲ್ಲ. ತಾಳಮದ್ದಳೆಗೆ ಹೋಗಿ ಕುಳಿತವರಿಗೆ ಇಂಥದ್ದೊಂದು ಹೊತ್ತಿನ ಪರಿಚಯವಿದೆ. ಭಾಗವತರ ಪದ್ಯ ಮುಗಿದು, ಮದ್ದಳೆಯ ಮುಕ್ತಾಯದ ಪೆಟ್ಟು ಅಡಗಿ, ಅರ್ಥಧಾರಿ ಇನ್ನೂ ಬಾಯಿ ತೆರೆಯದ ಆ ಎರಡು ಕ್ಷಣದಲ್ಲಿ ಸಭೆಯಲ್ಲಿ ಕೆಮ್ಮುವವರೂ ಕೆಮ್ಮನ್ನು ತಡೆದುಕೊಳ್ಳುತ್ತಾರೆ. ಪದ್ಯದ ಗುಂಗು ಇನ್ನೂ ಇದೆ, ಮಾತಿನ ನಿರೀಕ್ಷೆ ಆಗಲೇ ಇದೆ, ನಡುವೆ ಏನೂ ಇಲ್ಲ. ಗೂನೋನ ಮುಖದಲ್ಲಿರುವುದು ಆ ನಡುವಿನ ಹೊತ್ತು. ಆ ಸ್ವರಲಿಪಿಯ ಪುಸ್ತಕವೂ ಅವನ ಬದುಕಿನಲ್ಲಿ ಮುಚ್ಚಿಹೋಗಲಿಲ್ಲ. ಸುಮಾರು ಐವತ್ತು ವರ್ಷಗಳ ಬಳಿಕ, 1890ರಲ್ಲಿ, ಅವನು ‘ಡಾನ್ ಜೊವಾನಿ’ಯ ಮೇಲೆಯೇ ಒಂದು ಪುಸ್ತಕ ಪ್ರಕಟಿಸಿದ.

ಆದರೆ ಮೌನ ಮುಖದಲ್ಲಿ ಮಾತ್ರ ಇರುವುದಲ್ಲ, ಅದು ಕಾಗದದಲ್ಲಿದೆ. ಆಂಗ್ರ್ ಅವರ ಪೆನ್ಸಿಲ್ ಭಾವಚಿತ್ರಗಳಲ್ಲಿ ಮುಖದ ಮೇಲಿನ ಕೆಲಸ ಒಂದು ಬಗೆ, ಉಳಿದುದರ ಕೆಲಸ ಇನ್ನೊಂದು ಬಗೆ. ಕೆನ್ನೆ, ಕಣ್ಣಿನ ಗುಳಿ, ಮೂಗಿನ ಪಕ್ಕದ ನೆರಳು ಇವೆಲ್ಲ ಗೆರೆ ಎಂದೇ ಗುರುತಿಸಲಾಗದಷ್ಟು ಸೂಕ್ಷ್ಮವಾದ ಎಳೆಗಳಿಂದ, ಉಸಿರು ಬಿಟ್ಟರೆ ಹಾರಿಹೋದೀತೆಂಬ ಬೂದು ಬಣ್ಣದಲ್ಲಿ ತುಂಬಿಕೊಂಡಿರುತ್ತವೆ. ಕೊರಳಪಟ್ಟಿಯಿಂದ ಕೆಳಗಿಳಿದಂತೆ ಪೆನ್ಸಿಲಿಗೆ ಅವಸರ ಬರುತ್ತದೆ. ಕೋಟಿನ ತೋಳು ನಾಲ್ಕಾರು ಉದ್ದ ಗೆರೆಗಳಲ್ಲಿ ಮುಗಿಯುತ್ತದೆ, ಮಡಿಕೆಗಳಿಗೆ ಒಂದೆರಡು ಕೊಕ್ಕೆ, ಅಂಚಿಗೆ ಬಂದಾಗ ಗೆರೆ ಕಾಗದದಲ್ಲಿ ಕರಗಿಹೋಗುತ್ತದೆ. ಬರೆಯದೆ ಬಿಟ್ಟ ಜಾಗವೇ ಬರೆದ ಜಾಗಕ್ಕಿಂತ ಹೆಚ್ಚು, ಮತ್ತು ಆ ಬಿಟ್ಟ ಜಾಗವೆಲ್ಲ ಮುಖದ ಸುತ್ತ ಕಿವಿಗೊಟ್ಟು ಕುಳಿತಂತೆ ತೋರುತ್ತದೆ. ನಮ್ಮವರೇ ಆದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ ಬೆಳೆದ ಕಣ್ಣಿಗೆ ಗೆರೆ ಓಡುವುದು, ಕುಣಿಯುವುದು, ಹಾಡುವುದು ಅಭ್ಯಾಸ. ಇಲ್ಲಿನ ಗೆರೆ ಕುಣಿಯುವುದಿಲ್ಲ. ಅದು ತನ್ನ ಕೆಲಸ ಮುಗಿಸಿ ಬದಿಗೆ ಸರಿದು ನಿಲ್ಲುತ್ತದೆ. ಚಿತ್ರರಚನೆಯೆಂಬುದು ಕಲೆಯ ಪ್ರಾಮಾಣಿಕತೆ ಎಂದವರು ಆಂಗ್ರ್. ಅಷ್ಟು ದೊಡ್ಡ ಮಾತು ನನಗೆ ಮೊದಲು ಬರೀ ಗುರುಪೀಠದ ಮಾತಾಗಿ ಕೇಳಿಸಿತ್ತು. ಕೋಟಿನ ಆ ಗೆರೆಗಳನ್ನು, ಗೊತ್ತಿರುವುದಕ್ಕಿಂತ ಒಂದು ಎಳೆಯೂ ಹೆಚ್ಚು ಹೇಳದೆ ನಿಂತಿರುವುದನ್ನು, ಹಲವು ಸಲ ನೋಡಿದ ಮೇಲೆ ಹಾಗೆನಿಸುವುದಿಲ್ಲ.

ಇಷ್ಟು ಹಗುರ ಕೈಯ ಹಿಂದೆ ಬಹಳ ವರ್ಷದ ದುಡಿತವಿದೆ. 1815ರಲ್ಲಿ ನೆಪೋಲಿಯನ್ ಬಿದ್ದು ರೋಮಿನಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಗಂಟುಮೂಟೆ ಕಟ್ಟಿದಾಗ ಆಂಗ್ರ್ ಅವರಿಗೆ ಕೆಲಸ ಕೊಡುವವರಿಲ್ಲದಾಯಿತು. ಊರು ನೋಡಲು ಬರುವ ಇಂಗ್ಲಿಷ್ ಪ್ರವಾಸಿಗರ ಪೆನ್ಸಿಲ್ ಚಿತ್ರ ಬರೆದು ಸಂಸಾರ ನಡೆಸಿದರು. ಪುರಾಣ, ಇತಿಹಾಸದ ದೊಡ್ಡ ಕ್ಯಾನ್ವಾಸು ಬರೆಯಬೇಕೆಂದಿದ್ದವರಿಗೆ ಇದು ಕೀಳೆನಿಸಿತ್ತು. ಸಣ್ಣ ಚಿತ್ರ ಬರೆಯುವವರ ಮನೆ ಇದೇನೋ ಎಂದು ಬಾಗಿಲಲ್ಲಿ ಕೇಳಿದವನಿಗೆ, ಇಲ್ಲಿರುವವನು ವರ್ಣಚಿತ್ರಕಾರ ಎಂದು ರೇಗಿ ಉತ್ತರ ಕೊಟ್ಟರೆಂಬ ಕಥೆ ಅವರ ಬಗ್ಗೆ ಪ್ರಚಾರದಲ್ಲಿದೆ. ಶಿಷ್ಯರೊಬ್ಬರು ನೆನಪಿಸಿಕೊಂಡಂತೆ ಒಂದು ಭಾವಚಿತ್ರಕ್ಕೆ ತಗಲುತ್ತಿದ್ದುದು ನಾಲ್ಕು ಗಂಟೆ: ಬೆಳಗ್ಗೆ ಒಂದೂವರೆ, ಮಧ್ಯಾಹ್ನ ಎರಡೂವರೆ, ನಡುವೆ ಕುಳಿತವರ ಜೊತೆಯಲ್ಲೇ ಊಟ. ಆ ಊಟದ ಹೊತ್ತಿನಲ್ಲಿ, ತಮ್ಮನ್ನು ನೋಡುತ್ತಿದ್ದಾರೆಂಬ ಎಚ್ಚರ ತಪ್ಪಿದಾಗ, ಮುಖದ ನಿಜವಾದ ಚಹರೆ ಅವರಿಗೆ ಸಿಕ್ಕಿಬಿಡುತ್ತಿತ್ತಂತೆ. ಹೀಗೆ ಬರೆದ ಭಾವಚಿತ್ರಗಳು 450ರ ಸುಮಾರಿಗೆ ಉಳಿದಿವೆ. ಗೂನೋನ ಚಿತ್ರ ದುಡ್ಡಿಗೆ ಬರೆದದ್ದಲ್ಲ, ಕಿರಿಯ ಗೆಳೆಯನಿಗೆ ಹಿರಿಯರು ಕೊಟ್ಟದ್ದು. ಹದಿನೆಂಟು ವರ್ಷದ ನಂತರ, ಎಂಬತ್ತರ ಹೊಸ್ತಿಲಲ್ಲಿ, ಗೂನೋನ ಹೆಂಡತಿಯ ಚಿತ್ರವನ್ನೂ ಆಂಗ್ರ್ ಪೆನ್ಸಿಲಿನಲ್ಲೇ ಬರೆದರು. ಅದೂ ಶಿಕಾಗೋದಲ್ಲೇ ಇದೆ.

ಪೆನ್ಸಿಲಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ಮುದ್ರಣದ ಗುಣ ಅಳೆಯುವಾಗ ಅದು ಬೇಕಾಗುತ್ತದೆ. ಹಿಂದಿನವರು ಸೀಸದಕಡ್ಡಿ ಎಂದರೂ ಅದರಲ್ಲಿ ಸೀಸವಿಲ್ಲ, ಇರುವುದು ಗ್ರಾಫೈಟ್. ಹದಿನೆಂಟನೇ ಶತಮಾನದ ಕೊನೆಯವರೆಗೆ ಒಳ್ಳೆಯ ಗ್ರಾಫೈಟ್ ಬರುತ್ತಿದ್ದುದು ಇಂಗ್ಲೆಂಡಿನ ಬಾರೋಡೇಲ್ ಗಣಿಯಿಂದ. ಯುದ್ಧದಿಂದಾಗಿ ಆ ಸರಬರಾಜು ನಿಂತಾಗ, ಫ್ರಾನ್ಸಿನ ನಿಕೊಲಾ ಜಾಕ್ ಕೋಂತೆ ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಹೊಸೆದು, ಸುಟ್ಟು ಪೆನ್ಸಿಲು ಮಾಡುವ ವಿಧಾನ ಕಂಡುಹಿಡಿದು 1795ರಲ್ಲಿ ಹಕ್ಕುಪತ್ರ ಪಡೆದ. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು, ಬಣ್ಣ ಮಾಸಲು. ನಮ್ಮ ಶಾಲೆಯ ಮಕ್ಕಳ ಕೈಯಲ್ಲಿರುವ ಎಚ್‌ಬಿ, ಟುಬಿ ಎಂಬ ಲೆಕ್ಕವೆಲ್ಲ ಆ ಕಲಬೆರಕೆಯ ಸಂತತಿ. ಆಂಗ್ರ್ ಬಳಸಿದ್ದು ಗಟ್ಟಿ ಕಡ್ಡಿಯನ್ನು ಸೂಜಿಯಂತೆ ಹೆರೆದು, ನುಣುಪಾದ ಬಿಳಿ ಕಾಗದದ ಮೇಲೆ. ಹಾಗೆ ಬರೆದ ಗೆರೆ ಎಂದಿಗೂ ಕಪ್ಪಾಗುವುದಿಲ್ಲ. ಅತ್ಯಂತ ಗಾಢವಾದ ಜಾಗದಲ್ಲಿಯೂ ಅದು ಕಡುಬೂದು, ಬೆಳಕಿಗೆ ಓರೆಯಾಗಿ ಹಿಡಿದರೆ ಬೆಳ್ಳಿಯ ಹೊಳಪು.

ಇಲ್ಲಿಗೆ ಮೊದಲ ಮುದ್ರಣದ ಕಥೆ ಬರುತ್ತದೆ. ಪೇಟೆಯ ಒಂದು ಫೋಟೋ ಲ್ಯಾಬಿಗೆ ಪೆನ್ ಡ್ರೈವ್ ಒಯ್ದು ಕೊಟ್ಟೆ. ಮದುವೆ ಆಲ್ಬಮ್ಮುಗಳನ್ನು ಚೆನ್ನಾಗಿಯೇ ಮಾಡುವ ಜಾಗ, ಕೆಲಸ ಹತ್ತು ನಿಮಿಷದ್ದು, ಹಣ ಅರುವತ್ತು ರೂಪಾಯಿ. ಬಂದ ಹಾಳೆಯನ್ನು ಕೈಗೆ ತೆಗೆದುಕೊಂಡಾಗ ಏನೋ ಗದ್ದಲ ಕೇಳಿದಂತಾಯಿತು. ಅವರ ಯಂತ್ರಕ್ಕೆ ಚಿತ್ರವನ್ನು ತಾನಾಗಿಯೇ ತಿದ್ದುವ ಬುದ್ಧಿ ಇದೆ: ಮಾಸಿದ ಬಿಳಿಯನ್ನು ಕಂಡರೆ ಅದು ತೊಳೆದು ಬೆಳ್ಳಗೆ ಮಾಡುತ್ತದೆ, ಕಪ್ಪಾಗದ ಬೂದನ್ನು ಕಂಡರೆ ಎಳೆದು ಕಪ್ಪು ಮಾಡುತ್ತದೆ. ಮುಖಗಳಿಗೆ ಕಳೆ ತುಂಬಲು ಇಟ್ಟ ಆ ತಿದ್ದುಪಡಿ ಇಲ್ಲಿ ಇದ್ದ ಕಳೆಯನ್ನು ತೆಗೆದಿತ್ತು. ನೂರೆಂಬತ್ತು ವರ್ಷಗಳಲ್ಲಿ ಕೆನೆಬಣ್ಣಕ್ಕೆ ತಿರುಗಿದ್ದ ಕಾಗದ ನೀಲ ಹಾಕಿದ ಪಂಚೆಯಂತೆ ಹೊಳೆಯುತ್ತಿತ್ತು. ಕೆನ್ನೆಯ ಮೇಲಿನ ತೆಳು ಎಳೆಗಳು ತೊಳೆದುಹೋಗಿ, ಅಲ್ಲಿ ಸಪಾಟಾದ ಒಂದು ಬಿಳಿ ಕಲೆ ಉಳಿದಿತ್ತು. ಕಣ್ಣಿನ ರೆಪ್ಪೆ, ಹುಬ್ಬು, ಕೋಟಿನ ಗೆರೆ ಮೂರೂ ಒಂದೇ ಕಪ್ಪಿನಲ್ಲಿ ಕೂಗುತ್ತಿದ್ದವು. ಹುಡುಗ ಅದೇ, ಪಿಯಾನೋ ಅದೇ. ಆದರೆ ಮುಖ ಮತ್ತು ಕೋಟಿನ ನಡುವೆ ಇದ್ದ ತಾರತಮ್ಯ ಹೋದುದರಿಂದ ಯಾವುದನ್ನು ಮೊದಲು ನೋಡಬೇಕೆಂದು ಕಣ್ಣಿಗೆ ತಿಳಿಯದು. ಹೊಳಪು ಕಾಗದವಾದುದರಿಂದ ಟ್ಯೂಬ್‌ಲೈಟಿನ ಕೋಲು ಅವನ ಎದೆಯ ಮೇಲೆ ಅಡ್ಡ ಮಲಗಿತ್ತು. ತಪ್ಪು ಲ್ಯಾಬಿನವರದೊಂದೇ ಅಲ್ಲ. ತಿದ್ದುಪಡಿ ಬೇಡ, ಹಾಳೆ ಹೊಳಪಿನದು ಬೇಡ ಎಂದು ಮೊದಲೇ ಹೇಳಬೇಕಿದ್ದವನು ನಾನು. ಹೇಳಲು ನನಗೆ ಗೊತ್ತಿರಲಿಲ್ಲ. ಆ ಪ್ರತಿ ಈಗ ಏಳನೇ ತರಗತಿಯ ಮಕ್ಕಳಿಗೆ ತೋರಿಸಲು ಶಾಲೆಯ ಕಪಾಟಿನಲ್ಲಿದೆ.

ಎರಡನೆಯದನ್ನು ಮಾಡಿಸಿದ್ದು ಮಂಗಳೂರಿನಲ್ಲಿ, ಕಲಾವಿದರ ಕೃತಿಗಳ ಪ್ರತಿ ತೆಗೆಯುವ ಒಂದು ಸಣ್ಣ ಮುದ್ರಣಶಾಲೆಯಲ್ಲಿ. ಬೆಳಗಿನ ರೈಲಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಾದ ದೂರ. ಅಲ್ಲಿನವರು ಕಡತ ತೆರೆದ ಕೂಡಲೇ ಕೇಳಿದ್ದು ಅಳತೆಯನ್ನು. ಮೂಲ ಸುಮಾರು 30 ಸೆಂಟಿಮೀಟರ್ ಎತ್ತರ, 23 ಸೆಂಟಿಮೀಟರ್ ಅಗಲ. ನಮ್ಮ ಜೆರಾಕ್ಸ್ ಹಾಳೆಗಿಂತ ಒಂದು ಬೆರಳು ಅಗಲ, ಅಷ್ಟೇ. ದೊಡ್ಡದು ಮಾಡಿಸಿದರೆ ಗೋಡೆಗೆ ಚೆಂದವೆಂದು ನಾನು ಎರಡು ಪಟ್ಟು ಕೇಳಿದ್ದೆ. ಅವರು ಒಪ್ಪಲಿಲ್ಲ. ಇಂಚಿಗೆ 300 ಚುಕ್ಕಿಯಂತೆ ಮೂಲದ ಅಳತೆಯಲ್ಲಿ ಮುದ್ರಿಸಲು ಉದ್ದಕ್ಕೆ ಸುಮಾರು 3540 ಚುಕ್ಕಿ ಬೇಕು, ನಾನು ತಂದ ಕಡತ ಅದಕ್ಕಿಂತ ಕೊಂಚ ಕಡಿಮೆಯದು, ಮೂಲದ ಅಳತೆಗೆ ಸಾಕು, ಹಿಗ್ಗಿಸಿದರೆ ಗೆರೆಯ ಅಂಚು ಒಡೆಯುತ್ತದೆ ಎಂದರು. ಒಳ್ಳೆಯದೇ ಆಯಿತು. ಇದು ಕೈಯಳತೆಯ ಚಿತ್ರ, ಹತ್ತಿರ ಹೋಗಿ ನೋಡಬೇಕಾದದ್ದು. ದೊಡ್ಡದಾಗಿದ್ದರೆ ಚಾವಡಿಯ ಆ ತುದಿಯಿಂದಲೇ ನೋಡಿ ಮುಗಿಸಿಬಿಡುತ್ತಿದ್ದೆವು.

ಎರಡನೆಯ ಪ್ರಶ್ನೆ ಕಾಗದದ್ದು. ಹತ್ತಿಯ ನಾರಿನ, ಚದರ ಮೀಟರಿಗೆ 310 ಗ್ರಾಂ ತೂಗುವ, ಹೊಳಪಿಲ್ಲದ ನುಣುಪು ಹಾಳೆಯನ್ನು ಆರಿಸಿದೆವು. ಪೇಟೆಯಲ್ಲಿ ಸಿಗುವ ಹೆಚ್ಚಿನ ಬಿಳಿ ಹಾಳೆಗಳಿಗೆ ಬೆಳ್ಳಗೆ ತೋರುವ ರಾಸಾಯನಿಕ ಹಾಕಿರುತ್ತಾರೆ, ವರ್ಷಗಳು ಕಳೆದಂತೆ ಆ ಬಿಳುಪು ಮಾಸುತ್ತದೆ. ಇದರಲ್ಲಿ ಅದಿಲ್ಲವಾದುದರಿಂದ ಹಾಳೆ ತನ್ನಷ್ಟಕ್ಕೇ ಹಾಲುಗೆನೆಯ ಬಣ್ಣದ್ದು. ಮೂರನೆಯ ಪ್ರಶ್ನೆ ಶಾಯಿಯದು, ಮತ್ತು ನನ್ನ ಮಟ್ಟಿಗೆ ಎಲ್ಲ ನಿಂತಿರುವುದು ಇದರ ಮೇಲೆ. ಸಾಧಾರಣ ಇಂಕ್‌ಜೆಟ್ ಯಂತ್ರ ಬೂದುಬಣ್ಣವನ್ನು ನೀಲಿ, ಕೆಂಪು, ಹಳದಿ ಬೆರೆಸಿ ಮಾಡುತ್ತದೆ. ಹಾಗೆ ಮಾಡಿದ ಬೂದು ಹಗಲಿನಲ್ಲಿ ಒಂದು ಬಣ್ಣ, ಬಲ್ಬಿನ ಕೆಳಗೆ ಇನ್ನೊಂದು. ಕೆನ್ನೆಗೆ ಹಸಿರು ಛಾಯೆ ಬಂದು ಹುಡುಗನಿಗೆ ಕಾಮಾಲೆ ಹಿಡಿದಂತೆ ಕಂಡರೆ ಅದರ ಕಾರಣ ಇದು. ಇವರ ಯಂತ್ರದಲ್ಲಿ ಕಪ್ಪು, ಬೂದು, ತಿಳಿಬೂದು ಎಂದು ಬೇರೆ ಬೇರೆ ಶಾಯಿಗಳಿದ್ದು, ಪೆನ್ಸಿಲಿನ ತೆಳು ಎಳೆಗಳನ್ನು ತಿಳಿಬೂದಿನಿಂದಲೇ ತೆಗೆಯುತ್ತಾರೆ. ಒಂದು ಅಂಗೈಯಗಲದ ತುಂಡನ್ನು, ಬರೀ ಮುಖದ ಭಾಗವನ್ನು, ಮೊದಲು ಮುದ್ರಿಸಿ ಕಿಟಕಿಯ ಬಳಿ ಒಯ್ದು ತೋರಿಸಿದರು. ತುಸು ಗಾಢವಾಗಿದೆ ಎಂದೆ. ಇಳಿಸಿ ಮತ್ತೊಂದು ತೆಗೆದರು. ಈ ಪರೀಕ್ಷಾ ಮುದ್ರಣಕ್ಕೆ ಬೇರೆ ಹಣ ಹಿಡಿಯಲಿಲ್ಲ. ಒಟ್ಟು ಎಂಟುನೂರೈವತ್ತು ರೂಪಾಯಿ.

ಆ ಪ್ರತಿಯನ್ನು ಮನೆಯಲ್ಲಿ ಊಟದ ಮೇಜಿನ ಮೇಲೆ ಬಿಚ್ಚಿಟ್ಟಾಗ ಸಂಜೆ ಆಗಿತ್ತು. ಎಡಗೆನ್ನೆಯ ಕೆಳಗೆ, ದವಡೆ ಕೊರಳಪಟ್ಟಿಗೆ ಮುಟ್ಟುವಲ್ಲಿ, ನೆರಳು ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಎಂದು ಭೂತಕನ್ನಡಿ ಹಿಡಿದು ಹುಡುಕಿದೆ. ಸಿಗಲಿಲ್ಲ. ಹತ್ತಿರದಲ್ಲಿ ಎಳೆಗಳು ಒಂದರ ಪಕ್ಕ ಒಂದು ಬಾಚಿದ ಕೂದಲಿನಂತೆ ಇವೆ, ಅವುಗಳ ನಡುವೆ ಬರಿಯ ಕಾಗದ ಇದೆ. ಒಂದಡಿ ಹಿಂದೆ ಸರಿದರೆ ಅದೇ ಕಾಗದ ಚರ್ಮವಾಗುತ್ತದೆ. ಲ್ಯಾಬಿನ ಪ್ರತಿಯಲ್ಲಿ ಕಳೆದುಹೋಗಿದ್ದ ಸದ್ದಿಲ್ಲದಿರುವಿಕೆ ಇಲ್ಲಿ ಮರಳಿ ಬಂದದ್ದು ಯಾವ ಹೊಸ ವಸ್ತುವಿನಿಂದಲೂ ಅಲ್ಲ, ಬಿಳಿಯನ್ನು ಬಿಳಿ ಮಾಡದೆ, ಕಪ್ಪನ್ನು ಕಪ್ಪು ಮಾಡದೆ ಬಿಟ್ಟುದರಿಂದ. ಬಾರದೆ ಉಳಿದದ್ದು ಒಂದು: ಗ್ರಾಫೈಟಿನ ಬೆಳ್ಳಿಹೊಳಪು. ಶಾಯಿ ಕಾಗದದೊಳಗೆ ಇಳಿದು ಮಂಕಾಗಿ ಕೂರುತ್ತದೆ, ಓರೆಯಾಗಿ ಹಿಡಿದರೂ ಮಿನುಗುವುದಿಲ್ಲ. ಪಕ್ಕದಲ್ಲಿ ನಾನೇ ಪೆನ್ಸಿಲಿನಿಂದ ಒಂದು ಗೆರೆ ಎಳೆದು ನೋಡಿದಾಗ ವ್ಯತ್ಯಾಸ ಸ್ಪಷ್ಟವಾಯಿತು, ಸ್ವಲ್ಪ ಬೇಸರವೂ ಆಯಿತು. ಇದನ್ನು ಮುದ್ರಣದ ದೋಷವೆನ್ನಲಾರೆ. ಪ್ರತಿ ಎಂದರೆ ಇಷ್ಟೇ.

ಇನ್ನು ಕಟ್ಟು. ನಮ್ಮ ಪೇಟೆಯ ಫ್ರೇಮಿನ ಅಂಗಡಿಗಳಲ್ಲಿ ಮುಕ್ಕಾಲು ಪಾಲು ಕೆಲಸ ದೇವರದು, ಉಳಿದುದರಲ್ಲಿ ಅರ್ಧ ಮದುವೆಯದು, ಅರ್ಧ ತೀರಿಹೋದವರದು. ರವಿವರ್ಮನ ಮುದ್ರಣಶಾಲೆ 1894ರಲ್ಲಿ ಮುಂಬಯಿಯಲ್ಲಿ ಶುರುವಾದಂದಿನಿಂದ ನಮ್ಮ ಮನೆಗಳ ಗೋಡೆಗೆ ಚಿತ್ರವೆಂದರೆ ಕೆಂಪು, ಹಸಿರು, ಜರಿ. ಬೂದು ಬಣ್ಣದಲ್ಲಿ ಗೋಡೆ ಏರುವವರು ಸತ್ತವರು ಮಾತ್ರ. ಹಾಗಾಗಿ ನಾನು ಆರಿಸಿದ ಅಂಗಡಿಯ ಯಜಮಾನರು ಹಾಳೆ ಬಿಚ್ಚಿ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು: “ಸಣ್ಣ ಪ್ರಾಯ. ಯಾವಾಗ ಆದದ್ದು ಮಾಷ್ಟ್ರೇ?”

“1893ರಲ್ಲಿ,” ಎಂದೆ. ಅದು ಗೂನೋ ತೀರಿಕೊಂಡ ವರ್ಷ.

ಅವರು ಒಂದು ಸಲ ನನ್ನನ್ನೂ ಒಂದು ಸಲ ಚಿತ್ರವನ್ನೂ ನೋಡಿ, ಮಾತು ಮುಂದುವರಿಸದೆ, ಬೀಡಿಂಗಿನ ತುಂಡುಗಳನ್ನು ಹರವಿದರು. ಚಿನ್ನದ ಬಳ್ಳಿಯ ಮೂರಿಂಚಿನದು, ಕಪ್ಪು ಹೊಳಪಿನದು, ತೇಗದ ಬಣ್ಣದ್ದು. ನಾನು ಅರ್ಧ ಇಂಚಿನ, ಕೆತ್ತನೆಯಿಲ್ಲದ, ಮರದ ಬಣ್ಣದ್ದೇ ಸಾಕೆಂದೆ. ಇಂಥ ಚಿತ್ರಕ್ಕೆ ಕಪ್ಪು ಚೌಕಟ್ಟು ಹಾಕಿದರೆ ಚಿತ್ರದೊಳಗಿನ ಯಾವ ಗೆರೆಗಿಂತಲೂ ಚೌಕಟ್ಟೇ ಗಾಢವಾಗಿ, ಕಣ್ಣು ಅಂಚಿನಲ್ಲೇ ಸುತ್ತುತ್ತದೆ. ಮೌಂಟಿನ, ಅಂದರೆ ಚಿತ್ರಕ್ಕೂ ಚೌಕಟ್ಟಿಗೂ ನಡುವೆ ಸುತ್ತಲೂ ಇಡುವ ಬೋರ್ಡಿನ, ವಿಷಯದಲ್ಲಿ ಯಜಮಾನರೇ ನನಗೆ ಬುದ್ಧಿ ಹೇಳಿದರು. ಅಚ್ಚಬಿಳಿ ಬೋರ್ಡನ್ನು ನಾನು ಎತ್ತಿಕೊಂಡಿದ್ದೆ. ಅವರು ಅದನ್ನು ಚಿತ್ರದ ಪಕ್ಕದಲ್ಲಿಟ್ಟು ತೋರಿಸಿದಾಗ ಕಾಗದ ಕೊಳೆಯಾದ ಬಟ್ಟೆಯಂತೆ ಕಂಡಿತು. ಕಾಗದಕ್ಕಿಂತ ಒಂದು ಛಾಯೆ ಗಾಢವಾದ ಕೆನೆಬಣ್ಣದ ಬೋರ್ಡು ಇಟ್ಟರು, ಕೂಡಲೇ ಮುಖ ಬೆಳಗಿತು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸಬೇಕೆಂದು ಗೊತ್ತಿರುವ ಮನುಷ್ಯ. ಮೌಂಟಿನ ಅಗಲ ಮೂರು ಬದಿಗೆ ಆರೂವರೆ ಸೆಂಟಿಮೀಟರ್, ಕೆಳಗೆ ಏಳೂವರೆ. ಕೆಳಗೆ ಒಂದಿಷ್ಟು ಹೆಚ್ಚು ಬಿಡದಿದ್ದರೆ ಚಿತ್ರ ಜಾರಿದಂತೆ ಕಾಣುತ್ತದೆ.

ಆದರೆ ಹಿಂಬದಿಯ ಕೆಲಸದಲ್ಲಿ ನಾನು ಅವರ ಜೊತೆ ಜಗಳಕ್ಕೇ ನಿಲ್ಲಬೇಕಾಯಿತು. ಅವರ ಪದ್ಧತಿಯಲ್ಲಿ ಹಾಳೆಯ ನಾಲ್ಕೂ ಅಂಚಿಗೆ ಬಿಳಿ ಗೋಂದು ಬಳಿದು ಬೋರ್ಡಿಗೆ ಒತ್ತಿಬಿಡುವುದು, ಗಾಜನ್ನು ನೇರ ಹಾಳೆಯ ಮೇಲೆ ಕೂರಿಸುವುದು, ಹಿಂದೆ ಹಾರ್ಡ್‌ಬೋರ್ಡು ಬಡಿಯುವುದು. ಒಣಭೂಮಿಯಲ್ಲಿ ಇದು ನಡೆದೀತು. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮಲ್ಲಿ, ಮುರಕಲ್ಲಿನ ಗೋಡೆ ಆಟಿ ತಿಂಗಳಲ್ಲಿ ಕೈಯಿಟ್ಟರೆ ಒದ್ದೆಯೆನಿಸುವ ಮನೆಯಲ್ಲಿ, ಹತ್ತಿಯ ಕಾಗದ ತೇವ ಹೀರಿ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಅದಕ್ಕೆ ಇರುವ ದಾರಿ ಉಬ್ಬುವುದೊಂದೇ. ಗಾಜಿಗೆ ತಾಗಿದ ಕಡೆ ಬೂಷ್ಟು ಹಿಡಿದು ಹಾಳೆ ಅದಕ್ಕೇ ಅಂಟಿಕೊಳ್ಳುತ್ತದೆ; ನಮ್ಮ ಅಜ್ಜಿಯ ಫೋಟೋದ ಬಲಗಿವಿ ಹೋದದ್ದು ಹಾಗೆಯೇ. ಹಾಳೆಯ ಮೇಲಂಚಿನಲ್ಲಿ ಮಾತ್ರ ತೆಳು ಕಾಗದದ ಎರಡು ಪಟ್ಟಿ, ಅದಕ್ಕೆ ಗೋಧಿಹಿಟ್ಟಿನ ಅಂಟು, ಉಳಿದ ಮೂರು ಬದಿ ಸ್ವತಂತ್ರ, ಮೌಂಟಿನ ದಪ್ಪದಷ್ಟು ಗಾಜಿಗೂ ಹಾಳೆಗೂ ಅಂತರ ಎಂದು ನಾನು ಪಟ್ಟುಹಿಡಿದೆ. ಹಿಟ್ಟಿನ ಅಂಟಿಗೆ ಬೆಳ್ಳಿಹುಳ ಬರುತ್ತದೆಂದು ಅವರು ಎತ್ತಿದ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿ ಹಿಂಬದಿಯ ಸಂದುಗಳಿಗೆಲ್ಲ ಟೇಪು ಸುತ್ತಿಸಿದೆವು, ಕೆಳಗಿನ ಎರಡು ಮೂಲೆಗೆ ಬಿರಡೆಯ ತುಂಡು ಅಂಟಿಸಿ ಚೌಕಟ್ಟು ಗೋಡೆಗೆ ತಾಗದಂತೆ, ಹಿಂದೆ ಗಾಳಿ ಆಡುವಂತೆ ಮಾಡಿದೆವು. ಎರಡು ದಿನ ಎಂದದ್ದು ಒಂಬತ್ತು ದಿನವಾಯಿತು. ಹಣ ಸಾವಿರದ ನೂರೈವತ್ತು. ಮೂಲೆಗಳ ಕತ್ತರಿ ಮೂರು ಕಡೆ ಕೂದಲೂ ನುಗ್ಗದಂತೆ ಕೂಡಿದೆ. ಕೆಳಗಿನ ಎಡಮೂಲೆಯಲ್ಲಿ ಮೇಣ ತುಂಬಿ ಮುಚ್ಚಿದ ಒಂದು ಸಂದಿದೆ, ಗೊತ್ತಿದ್ದವರಿಗೆ ಕಾಣುತ್ತದೆ. ಹೇಳದೆ ಮಾಡಿದ ಇನ್ನೊಂದು ಕೆಲಸವನ್ನು ಮನೆಗೆ ತಂದ ಮೇಲೆ ಗಮನಿಸಿದೆ: ಮೇಲಿನ ಪಟ್ಟಿಗೆ ಎರಡು ಸಣ್ಣ ಹಿತ್ತಾಳೆಯ ಕೊಕ್ಕೆ. ಮಾಲೆ ಹಾಕಲು.

ತೂಗುಹಾಕುವ ಜಾಗಕ್ಕೂ ಒಂದು ವಾರ ಹಿಡಿಯಿತು. ತೆಂಕಣ ಗೋಡೆಯಲ್ಲಿಟ್ಟಾಗ ಅಂಗಳದಲ್ಲಿ ಒಣಹಾಕಿದ ಅಡಕೆಯ ಮೇಲಿನ ಬಿಸಿಲು ಗಾಜಿನಲ್ಲಿ ಪ್ರತಿಫಲಿಸಿ, ಹುಡುಗನ ಬದಲು ನಮ್ಮ ಅಡಕೆಯೇ ಕಾಣುತ್ತಿತ್ತು. ಬಡಗಣ ಗೋಡೆಗೆ ಬೆಳಕು ಬರುವುದು ಮಾಡಿನ ಎರಡು ಗಾಜಿನ ಹಂಚಿನಿಂದ, ಮೇಲಿನಿಂದ, ಮೆತ್ತಗೆ. ಮಧ್ಯಾಹ್ನ ಮೂರರಿಂದ ಐದರ ನಡುವೆ ಅಲ್ಲಿ ಚಿತ್ರ ಅತ್ಯಂತ ಚೆನ್ನಾಗಿ ಕಾಣುತ್ತದೆ. ಕಣ್ಣಿನ ಮಟ್ಟಕ್ಕೆ, ಅಂದರೆ ಅಜ್ಜ ಅಜ್ಜಿಯರಿಗಿಂತ ಎರಡಡಿ ಕೆಳಗೆ, ಹಾಕಿದ್ದೇವೆ. ಹಿರಿಯರ ಸಾಲಿಗೆ ಇವನನ್ನು ಏರಿಸಬಾರದೆಂದು ಅಮ್ಮನೂ ಹೇಳಿದ್ದರು. ಒಂದು ಮಳೆಗಾಲ ಪೂರ್ತಿ ಕಳೆದಿದೆ. ಹಾಳೆ ಉಬ್ಬಿಲ್ಲ. ಆಟಿಯ ಕೊನೆಗೆ ಬಲ ಅಂಚಿನಲ್ಲಿ ಸಣ್ಣ ಅಲೆಯೊಂದು ಎದ್ದಿತ್ತು, ತುಲಾ ತಿಂಗಳ ಬಿಸಿಲಿಗೆ ತಾನಾಗಿ ಇಳಿಯಿತು.

ಎರಡು ಸಾವಿರ ರೂಪಾಯಿಗೆ ಇದು ಸಂದಿತೇ ಎಂದು ಕೇಳುವವರಿಗೆ ನನ್ನ ತೀರ್ಪು ಹೀಗಿದೆ. ಮಂಗಳೂರಿನ ಮುದ್ರಣಕ್ಕೆ ಕಣ್ಣುಮುಚ್ಚಿ ಹಣ ಕೊಡಬಹುದು. ಚೌಕಟ್ಟಿನವರ ಕಣ್ಣು ಒಳ್ಳೆಯದು, ಕೈ ಒಳ್ಳೆಯದು. ಹಿಂಬದಿಯ ಕೆಲಸವನ್ನು ಮಾತ್ರ ಪಕ್ಕದಲ್ಲಿ ನಿಂತು ಮಾಡಿಸಬೇಕು, ಮತ್ತು ಅವರು ಹೇಳಿದ ದಿನಕ್ಕೆ ನಾಲ್ಕರಿಂದ ಗುಣಿಸಿಕೊಳ್ಳಬೇಕು. ಫೋಟೋ ಲ್ಯಾಬಿಗೆ ಪೆನ್ಸಿಲ್ ಚಿತ್ರ ಒಯ್ಯಬೇಡಿ, ಒಯ್ಯಲೇಬೇಕಾದರೆ ಯಂತ್ರದ ತಿದ್ದುಪಡಿ ನಿಲ್ಲಿಸಿ, ಮ್ಯಾಟ್ ಹಾಳೆಯಲ್ಲಿ ತೆಗೆಯಿರಿ ಎಂದು ಮೊದಲೇ ಹೇಳಿ. ಮನೆಯಲ್ಲಿ ಎಲ್ಲರಿಗೂ ಚಿತ್ರ ಹಿಡಿಸಿದೆ ಎನ್ನಲಾರೆ. ಪುತ್ತೂರಿನಿಂದ ಬಂದ ಭಾವ ಅರ್ಧ ಗಂಟೆ ಅದರ ಎದುರಿನ ಕುರ್ಚಿಯಲ್ಲೇ ಕುಳಿತಿದ್ದು, ಹೊರಡುವಾಗ, “ಕೋಟು ಪೂರ್ತಿ ಮಾಡಿಲ್ಲವಲ್ಲ,” ಎಂದರು. ಆ ಅರ್ಧ ಗಂಟೆಯಲ್ಲಿ ಅವರು ಒಂದು ಸಲವೂ ಮೊಬೈಲ್ ತೆಗೆಯಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಈ ಸಲದ ಆಯುಧಪೂಜೆಯ ದಿನ ಶಾಲೆಯಿಂದ ಬರುವಾಗ, ಗುದ್ದಲಿ, ಕತ್ತಿ, ಅಡಕೆ ಸುಲಿಯುವ ಮಣೆ, ಮಗಳ ಶ್ರುತಿಪೆಟ್ಟಿಗೆ ಎಲ್ಲಕ್ಕೂ ಅಮ್ಮ ಗಂಧ ಹಚ್ಚಿ ಹೂವಿಟ್ಟಾಗಿತ್ತು. ಗೂನೋನ ಚೌಕಟ್ಟಿನ ಎರಡು ಕೊಕ್ಕೆಗಳಿಗೂ ಮಲ್ಲಿಗೆಯ ಒಂದು ಮೊಳ ಬಿದ್ದಿತ್ತು. ಇವನಿಗೇಕೆ ಎಂದು ಕೇಳಿದೆ. “ಅವನಿಗಲ್ಲ, ಪಿಯಾನೋಕ್ಕೆ,” ಎಂದರು. ಮಾಲೆಗೆ ಚಿಮುಕಿಸಿದ್ದ ನೀರು ಗಾಜಿನ ಮೇಲೆ ಇಳಿಯುತ್ತ ಕೆಳಗಿನ ಪಟ್ಟಿಯ ಸಂದಿನ ಕಡೆಗೆ, ಮೇಣ ತುಂಬಿದ ಆ ಮೂಲೆಗೇ, ಹೊರಟಿತ್ತು. ಚಪ್ಪಲಿ ಕಳಚುವ ಮೊದಲೇ ಹೆಗಲಿನ ಬೈರಾಸಿನಿಂದ ಒರಸಿದೆ. ಮಾಲೆ ಸಂಜೆಯವರೆಗೆ ಅಲ್ಲೇ ಇತ್ತು.